ಹಣ್ಣಿನ ರಸ ಹೆಪ್ಪುಗಟ್ಟುವಾಗ

ಬೇಸಿಗೆಯಲ್ಲಿ ಬಂದವರಿಗೆ ಕಲ್ಲಂಗಡಿ ಜ್ಯೂಸ್ ಮಾಡಿಕೊಡದ ಮನೆ ಕಡಿಮೆ. ಹಣ್ಣು ಹೆಚ್ಚಿ, ಬೀಜ ತೆಗೆದು, ಮಿಕ್ಸಿಯಲ್ಲಿ ತಿರುವಿ, ಸೋಸಿ, ಲೋಟಕ್ಕೆ ಬಗ್ಗಿಸಿ ಮೇಲೆ ನಾಲ್ಕೈದು ತುಂಡು ಐಸ್ ಹಾಕುತ್ತೇವೆ. ಮೊದಲ ಎರಡು ಗುಟುಕು ಅಮೃತ. ಅರ್ಧ ಲೋಟಕ್ಕೆ ಬರುವಷ್ಟರಲ್ಲಿ ಸಪ್ಪೆ. ತಳದಲ್ಲಿ ಉಳಿಯುವುದು ತೆಳುಗೆಂಪು ನೀರು. ಹಣ್ಣೇ ಚೆನ್ನಾಗಿರಲಿಲ್ಲ ಎಂದು ಎಷ್ಟೋ ಸಲ ಅಂಗಡಿಯವನನ್ನು ದೂರುತ್ತೇವೆ. ಹಣ್ಣಿನ ಮೇಲೆ ತಪ್ಪು ಹೊರಿಸುವ ಮೊದಲು ಐಸ್ ಕರಗುವ ಲೆಕ್ಕವನ್ನೊಮ್ಮೆ ನೋಡಬೇಕು.

ಒಂದು ಗ್ರಾಂ ನೀರನ್ನು ಒಂದು ಡಿಗ್ರಿಯಷ್ಟು ತಣಿಸಲು ಅದರಿಂದ ಸುಮಾರು 4.2 ಜೂಲ್ ಶಾಖ ತೆಗೆಯಬೇಕು. ಹಣ್ಣಿನ ರಸ ಬಹುಪಾಲು ನೀರೇ ಆದ್ದರಿಂದ ಅದಕ್ಕೂ ಇದೇ ಲೆಕ್ಕ ಸಾಕು. ಲೋಟದಲ್ಲಿ 200 ಗ್ರಾಂ ರಸವಿದೆ, ಅದರ ಬಿಸಿ 30 ಡಿಗ್ರಿ ಸೆಲ್ಸಿಯಸ್ ಎಂದಿಟ್ಟುಕೊಳ್ಳಿ. ಅದನ್ನು ಸೊನ್ನೆಗೆ ಇಳಿಸಬೇಕಾದರೆ ಸುಮಾರು 25,000 ಜೂಲ್ ಹೊರಗೆ ಹೋಗಬೇಕು. ಅಷ್ಟನ್ನೂ ಹೀರಿಕೊಳ್ಳುವುದು ಐಸ್. ಫ್ರೀಜರ್‌ನಿಂದ ತೆಗೆದ ಐಸ್ ಮೈನಸ್ 18 ಡಿಗ್ರಿಯಲ್ಲಿದ್ದರೆ, ಸೊನ್ನೆಗೆ ಏರುವಾಗ ಪ್ರತಿ ಗ್ರಾಂ ಸುಮಾರು 38 ಜೂಲ್ ಹೀರುತ್ತದೆ. ಸೊನ್ನೆಯಲ್ಲಿ ಕರಗುವಾಗ ಇನ್ನೂ 334 ಜೂಲ್ ಹೀರುತ್ತದೆ. ಅಂದರೆ ಐಸ್ ಕೊಡುವ ತಂಪಿನಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಅದು ಕರಗುವುದರಿಂದಲೇ ಬರುವಂಥದ್ದು. ಕರಗದೆ ತಂಪು ಮಾಡು ಎಂದರೆ ಐಸ್‌ಗೆ ಸಾಧ್ಯವಿಲ್ಲ. 25,000ವನ್ನು 372ರಿಂದ ಭಾಗಿಸಿದರೆ 67 ಗ್ರಾಂ. 200 ಗ್ರಾಂ ರಸಕ್ಕೆ 67 ಗ್ರಾಂ ನೀರು ಸೇರಿತು! ರಸದ ಮೂರನೇ ಒಂದು ಪಾಲಿನಷ್ಟು ನೀರನ್ನು ನಾವೇ ಕೈಯಾರೆ ಬೆರೆಸಿದ ಹಾಗಾಯಿತು.

ಅದೇ ರಸವನ್ನು ಎರಡು ಮೂರು ಗಂಟೆ ಫ್ರಿಜ್‌ನಲ್ಲಿಟ್ಟು 5 ಡಿಗ್ರಿಗೆ ಇಳಿಸಿ ಆಮೇಲೆ ಐಸ್ ಹಾಕಿ ನೋಡಿ. ಈಗ ತೆಗೆಯಬೇಕಾದ ಶಾಖ 4,200 ಜೂಲ್ ಮಾತ್ರ, ಕರಗುವ ಐಸ್ 11 ಗ್ರಾಂ. ಎರಡು ಚಮಚ ನೀರಿಗಿಂತ ಹೆಚ್ಚೇನಲ್ಲ. ಬೇಸಿಗೆಯ ಪಾನೀಯಗಳ ಬಗ್ಗೆ ಒಂದೇ ಒಂದು ಮಾತು ಹೇಳು ಎಂದರೆ ನಾನು ಇದನ್ನೇ ಹೇಳುತ್ತೇನೆ: ಹಣ್ಣು, ರಸ, ಮಿಕ್ಸಿಯ ಜಾರ್, ಲೋಟ ಎಲ್ಲವನ್ನೂ ಮೊದಲೇ ತಣ್ಣಗೆ ಮಾಡಿಟ್ಟುಕೊಳ್ಳಿ. ಎರಡನೆಯ ಮಾತಿಗೂ ಅವಕಾಶ ಸಿಕ್ಕರೆ, ನೀರಿನ ಐಸನ್ನು ಪೂರ್ತಿ ಬಿಟ್ಟು ಹಣ್ಣನ್ನೇ ಹೆಪ್ಪುಗಟ್ಟಿಸಿ ಎನ್ನುತ್ತೇನೆ. ಆಗ ಕರಗಿದರೂ ಕರಗುವುದು ಹಣ್ಣಿನ ರಸವೇ. ಈ ಅಧ್ಯಾಯದ ಉಳಿದ ಭಾಗವೆಲ್ಲ ಈ ಎರಡನೆಯ ಮಾತಿನ ವಿವರಣೆ.

ಹಣ್ಣಿನ ರಸ ನೀರಿನಂತೆ ಹೆಪ್ಪುಗಟ್ಟುವುದಿಲ್ಲ. ಇದು ನಮಗೆಲ್ಲ ಚಿಕ್ಕಂದಿನಿಂದ ನಾಲಗೆಗೇ ಗೊತ್ತಿರುವ ಸಂಗತಿ. ಶಾಲೆಯ ಗೇಟಿನ ಹತ್ತಿರ ಕೊಂಡ ಐಸ್‌ಕ್ಯಾಂಡಿಯನ್ನು ಜೋರಾಗಿ ಚೀಪಿದರೆ ಕಿತ್ತಳೆ ಬಣ್ಣವೂ ಸಿಹಿಯೂ ಒಟ್ಟಿಗೆ ಬಾಯಿಗೆ ಬಂದುಬಿಡುತ್ತವೆ. ಕಡ್ಡಿಯ ಮೇಲೆ ಉಳಿಯುವುದು ಬಿಳಿಯ, ಸಪ್ಪೆ ಮಂಜುಗಡ್ಡೆ. ಆ ಉಳಿದ ತುಂಡನ್ನು ಬೆಳಕಿಗೆ ಹಿಡಿದು ನೋಡಿದರೆ ಉದ್ದುದ್ದ ಸೂಜಿಗಳು ಒತ್ತೊತ್ತಾಗಿ ನಿಂತಿರುವುದು, ನಡುವೆ ಸಣ್ಣ ಸಣ್ಣ ಸಂದುಗಳಿರುವುದು ಕಾಣುತ್ತದೆ. ಸಕ್ಕರೆ, ಬಣ್ಣ, ಹುಳಿ ಇದ್ದದ್ದು ಆ ಸಂದುಗಳಲ್ಲಿ. ಏಕೆಂದರೆ ನೀರಿನ ಅಣುಗಳು ಹರಳಾಗುವಾಗ ಆರು ಮೂಲೆಯ ಕಟ್ಟುನಿಟ್ಟಾದ ಚೌಕಟ್ಟಿನಲ್ಲಿ ಜೋಡಿಸಿಕೊಳ್ಳುತ್ತವೆ. ದಪ್ಪ ಸಕ್ಕರೆಯ ಅಣುವಿಗೆ ಅಲ್ಲಿ ಜಾಗವಿಲ್ಲ. ಹರಳು ಬೆಳೆಯುತ್ತಾ ಹೋದಂತೆ ಸಕ್ಕರೆಯನ್ನು ಹೊರಗೆ ತಳ್ಳುತ್ತದೆ. ಹೊರಬಿದ್ದ ಸಕ್ಕರೆ ಉಳಿದ ನೀರಿನಲ್ಲಿ ಸೇರಿ ಅದನ್ನು ಗಟ್ಟಿ ಪಾಕವಾಗಿಸುತ್ತದೆ.

ಪಾಕ ಗಟ್ಟಿಯಾದಷ್ಟೂ ಅದು ಹೆಪ್ಪುಗಟ್ಟಲು ಇನ್ನೂ ಕಡಿಮೆ ಉಷ್ಣತೆ ಬೇಕು. ಹೀಗಾಗಿ ಶುದ್ಧ ನೀರು ಸೊನ್ನೆಯಲ್ಲೇ ನಿಂತು ಪೂರ್ತಿ ಗಡ್ಡೆಯಾದರೆ, ಹಣ್ಣಿನ ರಸ ಸೊನ್ನೆಗಿಂತ ಸ್ವಲ್ಪ ಕೆಳಗೆ ಶುರುಮಾಡಿ, ಪ್ರತಿ ಡಿಗ್ರಿ ಇಳಿದಂತೆಲ್ಲ ಇನ್ನಷ್ಟು ಇನ್ನಷ್ಟು ಗಟ್ಟಿಯಾಗುತ್ತಾ ಹೋಗುತ್ತದೆ. ನಡುವಿನ ಒಂದು ಹಂತದಲ್ಲಿ ಅರ್ಧ ಹರಳು, ಅರ್ಧ ಪಾಕ. ಚಮಚದಲ್ಲಿ ತೆಗೆಯಬಹುದು, ದಪ್ಪ ಸ್ಟ್ರಾದಲ್ಲಿ ಹೀರಬಹುದು. ಇದೇ ಸ್ಲಶ್. ಸಿಸಿಲಿಯ ಗ್ರಾನೀತಾ, ಇರಾನಿನ ಫಾಲೂದೆ, ನಮ್ಮ ಬೀದಿಬದಿಯ ಗೋಲಾ ಎಲ್ಲದರ ಬೆನ್ನೆಲುಬು ಹರಳು ಮತ್ತು ಪಾಕದ ಈ ಜೋಡಿಯೇ.

ಎಷ್ಟು ಸಕ್ಕರೆಗೆ ಎಷ್ಟು ಡಿಗ್ರಿ? ಫ್ರಾನ್ಸಿನ ರಸಾಯನ ವಿಜ್ಞಾನಿ ಫ್ರಾಂಸ್ವಾ ಮಾರಿ ರೌಲ್ 1880ರ ದಶಕದಲ್ಲಿ ಬಗೆಬಗೆಯ ದ್ರಾವಣಗಳನ್ನು ಹೆಪ್ಪುಗಟ್ಟಿಸಿ ನೋಡಿ ಒಂದು ಸೊಗಸಾದ ನಿಯಮವನ್ನು ಕಂಡುಕೊಂಡ. ಹೆಪ್ಪುಗಟ್ಟುವ ಬಿಂದು ಎಷ್ಟು ಇಳಿಯುತ್ತದೆ ಎಂಬುದು ನೀರಿನಲ್ಲಿ ಕರಗಿದ್ದು ಯಾವ ವಸ್ತು ಎನ್ನುವುದಕ್ಕಿಂತ, ಎಷ್ಟು ಅಣುಗಳು ಕರಗಿವೆ ಎನ್ನುವುದರ ಮೇಲೆ ನಿಂತಿದೆ. ಒಂದು ಕಿಲೋ ನೀರಿನಲ್ಲಿ ಒಂದು ಮೋಲ್‌ನಷ್ಟು ಅಣುಗಳು ಕರಗಿದರೆ 1.86 ಡಿಗ್ರಿ ಇಳಿಯುತ್ತದೆ. ಡಬ್ಬಿಯಲ್ಲಿರುವ ಸಕ್ಕರೆ, ಅಂದರೆ ಸುಕ್ರೋಸ್, ಒಂದು ಮೋಲ್‌ಗೆ 342 ಗ್ರಾಂ ತೂಗುತ್ತದೆ. ಗ್ಲೂಕೋಸ್ ಮತ್ತು ಫ್ರುಕ್ಟೋಸ್ 180 ಗ್ರಾಂ. ಅಂದರೆ ಅದೇ ತೂಕದ ಗ್ಲೂಕೋಸಿನಲ್ಲಿ ಹೆಚ್ಚುಕಡಿಮೆ ಎರಡರಷ್ಟು ಅಣುಗಳಿರುತ್ತವೆ, ಪರಿಣಾಮವೂ ಎರಡರಷ್ಟು.

ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಹಣ್ಣಿನ ಬುಟ್ಟಿಯ ಕಡೆ ನೋಡಿ. ದ್ರಾಕ್ಷಿಯಲ್ಲಿ ನೂರಕ್ಕೆ ಹದಿನಾರು ಹದಿನೇಳು ಪಾಲು ಸಕ್ಕರೆ, ಅದೂ ಹೆಚ್ಚುಕಡಿಮೆ ಪೂರ್ತಿ ಗ್ಲೂಕೋಸ್ ಮತ್ತು ಫ್ರುಕ್ಟೋಸ್. ಲೆಕ್ಕ ಹಾಕಿದರೆ ಅದು ಹೆಪ್ಪುಗಟ್ಟಲು ಶುರುವಾಗುವುದು ಮೈನಸ್ 2 ಡಿಗ್ರಿಯ ಹತ್ತಿರ. ಕಲ್ಲಂಗಡಿಯಲ್ಲಿ ಸಕ್ಕರೆ ಏಳೆಂಟು ಪಾಲು ಮಾತ್ರ, ಉಳಿದದ್ದು ನೀರು. ಅದು ಮೈನಸ್ 1 ಡಿಗ್ರಿಯೂ ಆಗುವ ಮೊದಲೇ ಹರಳು ಕಟ್ಟತೊಡಗುತ್ತದೆ. ಎರಡನ್ನೂ ಒಂದೇ ಫ್ರೀಜರ್‌ನಲ್ಲಿ ರಾತ್ರಿಯಿಡೀ ಇಟ್ಟು ಬೆಳಿಗ್ಗೆ ತೆಗೆದು ನೋಡಿ. ದ್ರಾಕ್ಷಿಯನ್ನು ಹಲ್ಲಿನಿಂದ ಕಚ್ಚಬಹುದು. ಒಳಗೆ ನಯವಾಗಿ, ಮೆಲ್ಲಗೆ ಕುರುಕುತ್ತದೆ. ಕಲ್ಲಂಗಡಿಯ ತುಂಡು ಮಾತ್ರ ಕಲ್ಲು. ಅದನ್ನು ಹಾಗೆಯೇ ಮಿಕ್ಸಿಗೆ ಹಾಕಿದರೆ ಬ್ಲೇಡು ಗಡಗಡ ಸದ್ದು ಮಾಡುತ್ತದೆ ಅಷ್ಟೆ. ಆದ್ದರಿಂದ ಹೆಪ್ಪುಗಟ್ಟಿದ ಕಲ್ಲಂಗಡಿಗೆ ಒಂದು ಹಿಡಿ ದ್ರಾಕ್ಷಿಯನ್ನೋ, ಎರಡು ಚಮಚ ಜೇನುತುಪ್ಪವನ್ನೋ ಸೇರಿಸುವುದು ಒಳ್ಳೆಯದು. ಜೇನಿನ ಸಕ್ಕರೆಯಲ್ಲೂ ಬಹುಪಾಲು ಫ್ರುಕ್ಟೋಸ್ ಮತ್ತು ಗ್ಲೂಕೋಸೇ. ಅದನ್ನು ಸೇರಿಸುವುದು ಸಿಹಿಗೆಷ್ಟೋ ಅಷ್ಟೇ ಮೃದುತ್ವಕ್ಕೂ ಹೌದು.

ಮನೆಯಲ್ಲಿ ಸ್ಲಶ್ ಮಾಡಲು ಹೊರಟವರು ಸಾಮಾನ್ಯವಾಗಿ ಸೋಲುವುದು ಸಕ್ಕರೆಯ ಅಳತೆಯಲ್ಲಿ. ನೂರಕ್ಕೆ ಹದಿನೈದು ಪಾಲು ಸಕ್ಕರೆಯಿರುವ ಪಾನಕವನ್ನು ಮೈನಸ್ 2 ಡಿಗ್ರಿಗೆ ಇಳಿಸಿದರೆ ಅದರ ನೀರಿನಲ್ಲಿ ಸುಮಾರು ಅರ್ಧ ಹರಳಾಗುತ್ತದೆ. ಮೈನಸ್ 3ಕ್ಕೆ ಇಳಿಸಿದರೆ ಮೂರನೇ ಎರಡು ಪಾಲು. ಈ ಒಂದು ಡಿಗ್ರಿಯ ಅಂತರದಲ್ಲೇ ಕುಡಿಯಲು ಹದವಾದ ಸ್ಲಶ್ ಇರುವುದು. ಮನೆಯ ಫ್ರೀಜರ್ ಮೈನಸ್ 18ಕ್ಕೆ ಕೊಂಡೊಯ್ಯುತ್ತದೆ, ಅಲ್ಲಿ ಬಹುತೇಕ ಎಲ್ಲ ನೀರೂ ಗಡ್ಡೆ. ಆದ್ದರಿಂದ ಫ್ರೀಜರ್‌ನಿಂದ ತೆಗೆದ ಕೂಡಲೇ ಕುಡಿಯುವ ಹದ ಸಿಗುವುದಿಲ್ಲ. ಹೊರಗೆ ಹತ್ತು ನಿಮಿಷ ಬಿಡಬೇಕು, ಇಲ್ಲವೇ ತಣ್ಣನೆಯ ರಸ ಸ್ವಲ್ಪ ಸೇರಿಸಿ ತಿರುವಬೇಕು. ಇನ್ನು ಸಕ್ಕರೆ ಬೇಡವೇ ಬೇಡ ಎಂದು ಬರೀ ನಿಂಬೆಹಣ್ಣಿನ ನೀರನ್ನು ಇಟ್ಟರೆ ಸ್ಲಶ್ ಆಗುವುದೇ ಇಲ್ಲ. ಹುಳಿಯಾದ ಮಂಜುಗಡ್ಡೆ ಸಿಗುತ್ತದೆ.

ಈ ನಿಯಮವನ್ನು ದಾಟಲು ಹೋದ ಕಂಪನಿಗಳು ಎಂಥ ದಾರಿ ಹಿಡಿದವು ಎಂಬುದನ್ನು ಹೆತ್ತವರು ತಿಳಿದಿರಬೇಕು. ಬ್ರಿಟನ್ನಿನಲ್ಲಿ ಸಕ್ಕರೆ ಕಡಿಮೆ ಮಾಡಿದ, ಸಕ್ಕರೆಯೇ ಇಲ್ಲದ ಸ್ಲಶ್‌ಗಳು ಅಂಗಡಿಗಳಲ್ಲಿ ಹೆಚ್ಚಿದವು. ಸಕ್ಕರೆ ತೆಗೆದರೆ ಯಂತ್ರದಲ್ಲಿ ಪಾನೀಯ ಪೂರ್ತಿ ಗಡ್ಡೆಯಾಗುತ್ತದಲ್ಲ, ಅದಕ್ಕೆ ಗ್ಲಿಸರಾಲ್ ಬಳಸಿದರು. ಅದರ ಅಣು ಚಿಕ್ಕದು, ಮೋಲ್‌ಗೆ 92 ಗ್ರಾಂ ಮಾತ್ರ, ಹಾಗಾಗಿ ಸ್ವಲ್ಪವೇ ಹಾಕಿದರೂ ಹೆಪ್ಪುಗಟ್ಟುವುದನ್ನು ಚೆನ್ನಾಗಿ ತಡೆಯುತ್ತದೆ. ಆದರೆ ಪುಟ್ಟ ಮಕ್ಕಳು ಗಟಗಟ ಕುಡಿದಾಗ ರಕ್ತದ ಸಕ್ಕರೆ ಇಳಿದು, ಮಂಪರು ಕವಿದು ಆಸ್ಪತ್ರೆ ಸೇರಿದ ಪ್ರಕರಣಗಳು ವರದಿಯಾದವು. ಅಲ್ಲಿನ ಆಹಾರ ಗುಣಮಟ್ಟ ಸಂಸ್ಥೆ 2025ರಲ್ಲಿ ಏಳು ವರ್ಷದೊಳಗಿನ ಮಕ್ಕಳಿಗೆ ಗ್ಲಿಸರಾಲ್ ಇರುವ ಸ್ಲಶ್ ಕೊಡಬೇಡಿ ಎಂದು ಸಲಹೆ ನೀಡಿತು. ಮನೆಯಲ್ಲಿ ಹಣ್ಣಿನದೇ ಸಕ್ಕರೆಯಿಂದ ಮಾಡಿಕೊಂಡರೆ ಈ ಗೊಡವೆಯೇ ಇಲ್ಲ.

ಹಾಗಾದರೆ ಇಷ್ಟೊಂದು ಸಕ್ಕರೆ ಬಾಯಿಗೆ ಕಟ್ಟುವುದಿಲ್ಲವೇ? ಕಟ್ಟುವುದಿಲ್ಲ, ಕಾರಣ ನಾಲಗೆಯಲ್ಲೇ ಇದೆ. ಸಿಹಿಯ ಸಂಕೇತವನ್ನು ಮುಂದೆ ಸಾಗಿಸುವ ಟಿಆರ್‌ಪಿಎಂ5 ಎಂಬ ಪ್ರೋಟೀನ್ ಬಾಗಿಲು ಬೆಚ್ಚಗಿದ್ದಾಗ ಚೆನ್ನಾಗಿ ತೆರೆಯುತ್ತದೆ, ತಣ್ಣಗಾದಾಗ ಮುಚ್ಚಿಕೊಳ್ಳುತ್ತದೆ. ಇದನ್ನು ತೋರಿಸಿದ ಸಂಶೋಧನೆ 2005ರಲ್ಲಿ ಪ್ರಕಟವಾಯಿತು. ಕರಗಿಹೋದ ಐಸ್‌ಕ್ರೀಮ್ ನಾಲಗೆಗಿಟ್ಟರೆ ಮುಖ ಸಿಂಡರಿಸುವಷ್ಟು ಸಿಹಿ ಎನಿಸುವುದೂ, ಫ್ರೀಜರ್‌ನ ಮಾವಿನ ತುಂಡು ಮೊದಲ ಕ್ಷಣ ಸಪ್ಪೆ ಎನಿಸಿ ಬಾಯಲ್ಲಿ ಕರಗುತ್ತಾ ಸಿಹಿಯಾಗುವುದೂ ಇದರಿಂದಲೇ. ಮಿಶ್ರಣವನ್ನು ಹೆಪ್ಪುಗಟ್ಟಿಸುವ ಮೊದಲು ರುಚಿ ನೋಡುವಾಗ ಸ್ವಲ್ಪ ಅತಿ ಎನಿಸುವಷ್ಟು ಸಿಹಿ, ಸ್ವಲ್ಪ ಅತಿ ಎನಿಸುವಷ್ಟು ಹುಳಿ ಇರಲಿ. ಚಿಟಿಕೆ ಉಪ್ಪನ್ನೂ ಮರೆಯಬೇಡಿ. ಹಣ್ಣಿನ ಸಣ್ಣ ಕಹಿಯನ್ನು ಅದು ಅಡಗಿಸುತ್ತದೆ.

ಈಗ ಹರಳಿನ ಗಾತ್ರದ ವಿಷಯಕ್ಕೆ ಬರೋಣ. ನಯವಾದ ಸ್ಲಶ್‌ಗೂ ಮರಳು ಮರಳಾದ ಸ್ಲಶ್‌ಗೂ ಸಾಮಾನು ಒಂದೇ ಇರಬಹುದು, ವ್ಯತ್ಯಾಸ ಹರಳಿನಲ್ಲಿ. ಮಿಲಿಮೀಟರಿನ ಇಪ್ಪತ್ತನೇ ಒಂದು ಪಾಲಿಗಿಂತ ದೊಡ್ಡದಾದ ಹರಳು ನಾಲಗೆಗೆ ಗೊತ್ತಾಗುತ್ತದೆ. ಬೇಗ ಹೆಪ್ಪುಗಟ್ಟಿದರೆ ಲೆಕ್ಕವಿಲ್ಲದಷ್ಟು ಹರಳುಗಳು ಒಮ್ಮೆಗೇ ಹುಟ್ಟುತ್ತವೆ, ಯಾವುದಕ್ಕೂ ದೊಡ್ಡದಾಗಲು ನೀರು ಸಾಲುವುದಿಲ್ಲ. ನಿಧಾನವಾಗಿ ಹೆಪ್ಪುಗಟ್ಟಿದರೆ ಹುಟ್ಟುವುದು ಕೆಲವೇ, ಬೆಳೆಯುವುದು ದಪ್ಪಗೆ. ಆದ್ದರಿಂದ ರಸವನ್ನು ಆಳವಾದ ಪಾತ್ರೆಯಲ್ಲಿ ಇಡಬೇಡಿ. ಅಗಲವಾದ ಸ್ಟೀಲ್ ತಟ್ಟೆಯಲ್ಲಿ ಒಂದು ಬೆರಳು ದಪ್ಪಕ್ಕೆ ಸುರಿದು ಫ್ರೀಜರ್‌ನ ತಳಕ್ಕೆ ತಾಗುವಂತೆ ಇಡಿ. ಅರ್ಧ ಗಂಟೆಗೊಮ್ಮೆ ತೆಗೆದು, ಅಂಚಿನಲ್ಲಿ ಕಟ್ಟಿದ್ದನ್ನು ಫೋರ್ಕಿನಿಂದ ಕೆರೆದು ನಡುವಿಗೆ ತಳ್ಳಿ. ಗ್ರಾನೀತಾ ಮಾಡುವ ಸಿಸಿಲಿಯವರ ವಿಧಾನ ಇದೇ, ಇದಕ್ಕೆ ಯಂತ್ರ ಬೇಕಿಲ್ಲ.

ಒಮ್ಮೆ ಮಾಡಿಟ್ಟದ್ದು ಹಾಗೇ ಉಳಿಯುವುದೂ ಇಲ್ಲ. ಸಣ್ಣ ಹರಳುಗಳು ಕರಗಿ ಆ ನೀರು ದೊಡ್ಡ ಹರಳುಗಳಿಗೆ ಅಂಟಿಕೊಳ್ಳುತ್ತಾ ಹೋಗುತ್ತದೆ. ಜರ್ಮನ್ ವಿಜ್ಞಾನಿ ವಿಲ್ಹೆಲ್ಮ್ ಓಸ್ಟ್‌ವಾಲ್ಡ್ ಹೆಸರಿನಲ್ಲಿ ಗುರುತಿಸುವ ಪ್ರಕ್ರಿಯೆ ಇದು. ಫ್ರೀಜರ್‌ನ ಬಾಗಿಲು ಪದೇಪದೇ ತೆರೆದರೆ, ಕರೆಂಟು ಹೋಗಿ ಬಂದು ಮಾಡಿದರೆ ಇದು ಜೋರಾಗುತ್ತದೆ. ಏಪ್ರಿಲ್ ಮೇ ತಿಂಗಳಲ್ಲಿ ನಮ್ಮ ಊರುಗಳಲ್ಲಿ ಎರಡೂ ತಪ್ಪಿದ್ದಲ್ಲ. ವಾರಗಟ್ಟಲೆ ಇಟ್ಟ ಸ್ಲಶ್ ಮತ್ತೆ ನಯವಾಗಬೇಕಾದರೆ ಇನ್ನೊಮ್ಮೆ ತಿರುವುವುದೊಂದೇ ದಾರಿ.

ಮಾವಿಗೆ ಈ ತೊಂದರೆ ಕಡಿಮೆ. ಅದರ ತಿರುಳಿನಲ್ಲಿ ಪೆಕ್ಟಿನ್ ಮತ್ತು ನಾರು ಧಾರಾಳವಾಗಿವೆ. ಅವು ನೀರನ್ನು ಹಿಡಿದಿಟ್ಟುಕೊಂಡು, ಹರಳಿನಿಂದ ಹರಳಿಗೆ ಹೋಗದಂತೆ ತಡೆಯುತ್ತವೆ. ಸೀಬೆ, ಬಾಳೆ, ಸಪೋಟ ಇದೇ ಗುಂಪಿನವು. ಚುಕ್ಕಿ ಬಿದ್ದ ಬಾಳೆಹಣ್ಣನ್ನು ಬಿಲ್ಲೆ ಬಿಲ್ಲೆಯಾಗಿ ಹೆಚ್ಚಿ ಹೆಪ್ಪುಗಟ್ಟಿಸಿ ತಿರುವಿದರೆ ಹಾಲು, ಕೆನೆ ಏನೂ ಇಲ್ಲದೆ ಐಸ್‌ಕ್ರೀಮಿನಷ್ಟು ನಯವಾಗುತ್ತದೆ. ರಸಪುರಿಯಂಥ ರಸಭರಿತ ಮಾವನ್ನು ಕಿವುಚಿ ಸೋಸಿ ಐಸ್ ಟ್ರೇಗೆ ಸುರಿಯಿರಿ. ಬಾದಾಮಿಯಂಥ ಗಟ್ಟಿ ತಿರುಳಿನದನ್ನು ಹೋಳು ಮಾಡಿ ತಟ್ಟೆಯ ಮೇಲೆ ಒಂದಕ್ಕೊಂದು ತಾಗದಂತೆ ಹರಡಿ ಹೆಪ್ಪುಗಟ್ಟಿಸಿ, ಆಮೇಲೆ ಡಬ್ಬಿಗೆ ತುಂಬಿ. ಮೊದಲೇ ಡಬ್ಬಿಗೆ ತುಂಬಿದರೆ ಎಲ್ಲ ಸೇರಿ ಒಂದೇ ಬಂಡೆಯಾಗುತ್ತದೆ. ಬಾಟಲಿಯಲ್ಲಿ ರಸ ಇಡುವವರು ಕುತ್ತಿಗೆಯವರೆಗೆ ತುಂಬಬಾರದು. ನೀರು ಗಡ್ಡೆಯಾಗುವಾಗ ನೂರಕ್ಕೆ ಒಂಬತ್ತರಷ್ಟು ಹಿಗ್ಗುತ್ತದೆ, ಗಾಜು ಅದನ್ನು ತಡೆದುಕೊಳ್ಳುವುದಿಲ್ಲ.

ಕೆಲವು ಹಣ್ಣುಗಳಿಗೆ ತಮ್ಮದೇ ಸ್ವಭಾವವಿದೆ. ಮೂಸಂಬಿ ರಸ ಹಿಂಡಿಟ್ಟರೆ ಸ್ವಲ್ಪ ಹೊತ್ತಿಗೆ ಕಹಿಯಾಗುವುದು ಎಲ್ಲರಿಗೂ ಅನುಭವವಿದೆ. ಹಣ್ಣಿನಲ್ಲಿರುವ ರುಚಿಯಿಲ್ಲದ ವಸ್ತುವೊಂದು ರಸದ ಹುಳಿ ತಾಗಿ ಲಿಮೊನಿನ್ ಎಂಬ ಕಹಿ ವಸ್ತುವಾಗಿ ಬದಲಾಗುತ್ತದೆ. ಆದ್ದರಿಂದ ಅದನ್ನು ಹಿಂಡಿ ಇಟ್ಟುಕೊಳ್ಳುವ ಯೋಚನೆ ಬೇಡ, ಆಗಲೇ ಹಿಂಡಿ ಆಗಲೇ ಬಳಸಿ. ಅನಾನಸ್ ಮತ್ತು ಪರಂಗಿಯಲ್ಲಿ ಪ್ರೋಟೀನನ್ನು ಕತ್ತರಿಸುವ ಕಿಣ್ವಗಳಿವೆ. ಹಸಿಯಾಗಿ ಹಾಲಿಗೆ ಸೇರಿಸಿ ಇಟ್ಟರೆ ಹಾಲು ಒಡೆದು ಕಹಿಯಾಗುತ್ತದೆ. ಹೆಪ್ಪುಗಟ್ಟಿಸಿದರೆ ಆ ಕಿಣ್ವಗಳು ಸಾಯುವುದಿಲ್ಲ, ನಿದ್ದೆಹೋಗುತ್ತವೆ ಅಷ್ಟೆ. ಕರಗಿದ ಕೂಡಲೇ ಮತ್ತೆ ಕೆಲಸಕ್ಕೆ ಇಳಿಯುತ್ತವೆ. ಕುದಿಸಿದರೆ ಮಾತ್ರ ಅವುಗಳ ಕಥೆ ಮುಗಿಯಿತು.

ಸ್ಲಶ್‌ಗೆ ನನ್ನ ಮೆಚ್ಚಿನದು ಕರಾವಳಿಯ ಪುನರ್ಪುಳಿ, ಮಲೆನಾಡಿನವರು ಮುರುಗಲು ಎನ್ನುತ್ತಾರೆ. ಒಣಗಿಸಿದ ಸಿಪ್ಪೆಯಲ್ಲಿ ಸಿಹಿ ಇಲ್ಲವೆನ್ನುವಷ್ಟು ಕಡಿಮೆ, ಹುಳಿ ಮತ್ತು ಬಣ್ಣವೇ ಹೆಚ್ಚು. ಹಾಗಾಗಿ ಸಕ್ಕರೆಯ ಅಳತೆ ಪೂರ್ತಿ ನಮ್ಮ ಕೈಯಲ್ಲಿರುತ್ತದೆ. ಒಂದು ಹಿಡಿ ಸಿಪ್ಪೆಯನ್ನು ಬಿಸಿನೀರಿನಲ್ಲಿ ನೆನೆಹಾಕಿ, ಕಿವುಚಿ, ಸೋಸಿ, ಒಂದು ಲೀಟರ್ ಪಾನಕಕ್ಕೆ 150 ಗ್ರಾಂ ಸಕ್ಕರೆ, ಚಿಟಿಕೆ ಉಪ್ಪು, ಹುರಿದು ಕುಟ್ಟಿದ ಜೀರಿಗೆ ಹಾಕಿ. ಮೊದಲು ಫ್ರಿಜ್‌ನಲ್ಲಿ ತಣಿಸಿ, ಆಮೇಲೆ ತಟ್ಟೆಗೆ ಸುರಿದು ಫ್ರೀಜರ್‌ಗೆ. ಕೆರೆದು ಲೋಟಕ್ಕೆ ತುಂಬಿದಾಗ ದೊರೆಯುವ ಆ ಮಾಣಿಕ್ಯದ ಬಣ್ಣ ಯಾವ ಅಂಗಡಿಯ ಸಿರಪ್ಪಿನಲ್ಲೂ ಬರುವುದಿಲ್ಲ.

ಮಿಕ್ಸಿಯ ಬಗ್ಗೆಯೂ ಎಚ್ಚರ ಬೇಕು. 500 ವ್ಯಾಟ್‌ನ ಮಿಕ್ಸಿ ಅರ್ಧ ನಿಮಿಷಕ್ಕೆ 15,000 ಜೂಲ್ ವಿದ್ಯುತ್ ಬಳಸುತ್ತದೆ. ಅದರಲ್ಲಿ ಅರ್ಧ ಮೋಟಾರಿನಲ್ಲೇ ಹೋಯಿತು ಎಂದುಕೊಂಡರೂ ಉಳಿದ ಅರ್ಧ ಬ್ಲೇಡಿನ ಮೂಲಕ ಜಾರ್‌ಗೆ ಇಳಿದು ಶಾಖವಾಗುತ್ತದೆ. 20 ಗ್ರಾಂಗೂ ಹೆಚ್ಚು ಐಸ್ ಕರಗಿಸಲು ಅದು ಸಾಕು. ಎರಡು ನಿಮಿಷ ಸತತವಾಗಿ ತಿರುವಿದರೆ ಸ್ಲಶ್ ಹೋಗಿ ಜ್ಯೂಸ್ ಆಗುವುದು ಇದಕ್ಕೇ. ಗುಂಡಿಯನ್ನು ಎಡಕ್ಕೆ ತಿರುಗಿಸಿ ಹಿಡಿದು, ಎರಡು ಸೆಕೆಂಡಿಗೆ ಬಿಟ್ಟು, ಜಾರ್ ಕುಲುಕಿ, ಮತ್ತೆ ಹಿಡಿಯಿರಿ. ಏಳೆಂಟು ಸಲಕ್ಕೆ ಹದ ಬರುತ್ತದೆ.

ಫ್ರೀಜರ್ ಇಲ್ಲದ ಕಾಲದಲ್ಲೂ ಜನ ತಣ್ಣಗೆ ಕುಡಿದಿದ್ದಾರೆ. ಅಕ್ಬರನ ಕಾಲದಲ್ಲಿ ನೀರಿನ ಪಾತ್ರೆಯನ್ನು ಪೆಟ್ಲುಪ್ಪು ಕರಗಿಸಿದ ನೀರಿನಲ್ಲಿ ಆಡಿಸಿ ತಣಿಸುತ್ತಿದ್ದುದನ್ನು ಐನ್-ಇ-ಅಕ್ಬರಿ ದಾಖಲಿಸಿದೆ. ಪೆಟ್ಲುಪ್ಪು ಕರಗುವಾಗ ಸುತ್ತಲಿನ ಶಾಖವನ್ನು ಹೀರಿಕೊಳ್ಳುತ್ತದೆ. 1833ರಲ್ಲಿ ಅಮೆರಿಕದ ವ್ಯಾಪಾರಿ ಫ್ರೆಡರಿಕ್ ಟ್ಯೂಡರ್ ಬಾಸ್ಟನ್ ಕಡೆಯ ಕೊಳಗಳ ಮಂಜುಗಡ್ಡೆಯನ್ನು ಹಡಗಿನಲ್ಲಿ ತುಂಬಿ ಕಲ್ಕತ್ತಾಕ್ಕೆ ಕಳುಹಿಸಿದ. ನಾಲ್ಕು ತಿಂಗಳ ಪಯಣದಲ್ಲಿ ಒಂದು ಪಾಲು ಕರಗಿಹೋದರೂ ಉಳಿದದ್ದಕ್ಕೆ ಜನ ಮುಗಿಬಿದ್ದರು. ಮದ್ರಾಸಿನ ಮರೀನಾ ದಂಡೆಯಲ್ಲಿ ಆ ಐಸ್ ದಾಸ್ತಾನಿಗೆಂದು 1842ರಲ್ಲಿ ಕಟ್ಟಿದ ಮನೆ ಈಗಲೂ ಇದೆ. ವಿವೇಕಾನಂದರು 1897ರಲ್ಲಿ ಅಲ್ಲಿ ಉಳಿದುಕೊಂಡದ್ದರಿಂದ ಅದೀಗ ಅವರ ಹೆಸರಿನಲ್ಲಿದೆ.

ಐಸಿಗೆ ಉಪ್ಪು ಬೆರೆಸುವ ಉಪಾಯ ಇಂದಿಗೂ ಕುಲ್ಫಿ ಮಾರುವವರ ಮಡಕೆಯಲ್ಲಿದೆ. ರೌಲ್‌ನ ನಿಯಮವೇ ಇಲ್ಲಿ ಇನ್ನೊಂದು ರೀತಿಯಲ್ಲಿ ಕೆಲಸ ಮಾಡುತ್ತದೆ. ಉಪ್ಪುನೀರು ಸೊನ್ನೆಯಲ್ಲಿ ಗಡ್ಡೆಯಾಗಲಾರದು, ಆದ್ದರಿಂದ ಉಪ್ಪು ತಾಗಿದ ಐಸ್ ಸೊನ್ನೆಗಿಂತ ಕೆಳಗೂ ಕರಗುತ್ತಲೇ ಇರುತ್ತದೆ. ಕರಗಲು ಬೇಕಾದ ಶಾಖವನ್ನು ತನ್ನಿಂದಲೇ, ಪಕ್ಕದ ಡಬ್ಬಿಯಿಂದಲೇ ಎಳೆದುಕೊಳ್ಳುತ್ತದೆ. ಮೂರು ಪಾಲು ಐಸ್ ಚೂರಿಗೆ ಒಂದು ಪಾಲು ಕಲ್ಲುಪ್ಪು ಸೇರಿದರೆ ಮೈನಸ್ 21 ಡಿಗ್ರಿಯವರೆಗೂ ಇಳಿಯಬಲ್ಲದು. ಮಕ್ಕಳಿಗೆ ರಜೆಯಲ್ಲಿ ಮಾಡಿ ತೋರಿಸಲು ಇದಕ್ಕಿಂತ ಒಳ್ಳೆಯ ಪ್ರಯೋಗ ನನಗೆ ತಿಳಿದಿಲ್ಲ. ದೊಡ್ಡ ಪಾತ್ರೆಯಲ್ಲಿ ಉಪ್ಪು ಐಸ್, ಅದರ ನಡುವೆ ಮುಚ್ಚಳವಿರುವ ಸ್ಟೀಲ್ ಡಬ್ಬಿಯಲ್ಲಿ ತಣ್ಣನೆಯ ಮಾವಿನ ರಸ. ಡಬ್ಬಿಯನ್ನು ಅತ್ತ ಇತ್ತ ತಿರುಗಿಸುತ್ತಾ, ಆಗಾಗ ಮುಚ್ಚಳ ತೆಗೆದು ಅಂಚಿನದನ್ನು ಕೆರೆಯುತ್ತಾ ಇದ್ದರೆ ಅವರ ಕಣ್ಣೆದುರೇ ರಸ ಹಿಮವಾಗುತ್ತದೆ. ಉಪ್ಪು ಐಸನ್ನು ಮಾತ್ರ ಬರಿಗೈಯಲ್ಲಿ ಹಿಡಿಯಲು ಬಿಡಬೇಡಿ, ಚರ್ಮ ಸುಟ್ಟ ಹಾಗೆ ಗಾಯವಾಗುತ್ತದೆ.

ಒಂದು ತಪ್ಪು ನಂಬಿಕೆಯನ್ನು ಇಲ್ಲಿ ತಿದ್ದಲೇಬೇಕು. ಹೆಪ್ಪುಗಟ್ಟಿದರೆ ರೋಗಾಣುಗಳು ಸಾಯುತ್ತವೆ ಎಂದು ಅನೇಕರು ತಿಳಿದಿದ್ದಾರೆ. ಸಾಯುವುದಿಲ್ಲ. ಬಹಳಷ್ಟು ಬದುಕುಳಿದು, ಕರಗಿದ ಮೇಲೆ ಮತ್ತೆ ವೃದ್ಧಿಯಾಗುತ್ತವೆ. ಕೆಟ್ಟ ನೀರಿನ ಐಸ್ ಕೆಟ್ಟ ನೀರಿನಷ್ಟೇ ಅಪಾಯಕಾರಿ. ಮಾರುಕಟ್ಟೆಯಲ್ಲಿ ಸಿಗುವ ದೊಡ್ಡ ಐಸ್ ಗಡ್ಡೆಗಳಲ್ಲಿ ಮೀನು, ಸಾಮಾನು ಕೆಡದಂತೆ ಇಡಲು ಮಾಡಿದವೂ ಇರುತ್ತವೆ. ತಿನ್ನುವ ಐಸಿಗೂ ಅದಕ್ಕೂ ಗೊಂದಲವಾಗದಿರಲೆಂದು ಮಹಾರಾಷ್ಟ್ರದಲ್ಲಿ 2018ರಲ್ಲಿ ತಿನ್ನಲಾಗದ ಐಸಿಗೆ ನೀಲಿ ಬಣ್ಣ ಬೆರೆಸಬೇಕೆಂದು ಆದೇಶ ಹೊರಡಿಸಿದರು. ಮನೆಯಲ್ಲಿ ಕುದಿಸಿ ಆರಿಸಿದ ನೀರನ್ನೇ ಬಳಸಿ, ಹಣ್ಣನ್ನು ಹೆಚ್ಚುವ ಮೊದಲು ಸಿಪ್ಪೆಯನ್ನು ಚೆನ್ನಾಗಿ ತೊಳೆಯಿರಿ. ಕಲ್ಲಂಗಡಿಯ ಸಿಪ್ಪೆ ಮೇಲಿನ ಮಣ್ಣನ್ನು ಚಾಕುವೇ ತಿರುಳಿನೊಳಗೆ ಒಯ್ಯುತ್ತದೆ.

ಕೊನೆಯದಾಗಿ, ಎಲ್ಲ ಹಣ್ಣೂ ಸೆಖೆಯ ದಿನಗಳಿಗಾಗಿ ಕಾಯುವುದಿಲ್ಲ. ದ್ರಾಕ್ಷಿ ಅಗ್ಗವಾಗುವುದು ಫೆಬ್ರವರಿ ಮಾರ್ಚ್‌ನಲ್ಲಿ, ಸೆಖೆ ಏರುವುದು ಆಮೇಲೆ. ಆಗಲೇ ಒಂದೆರಡು ಕಿಲೋ ತಂದು, ತೊಳೆದು, ಒರೆಸಿ, ಬಿಡಿಸಿ, ಹೆಪ್ಪುಗಟ್ಟಿಸಿ ಡಬ್ಬಿಗೆ ತುಂಬಿಡಿ. ಮೇ ತಿಂಗಳ ಮಧ್ಯಾಹ್ನ ನೆಂಟರು ಬಂದಾಗ ಅವರ ಲೋಟಕ್ಕೆ ನೀರಿನ ಐಸ್ ಬದಲು ಆ ದ್ರಾಕ್ಷಿಯನ್ನೇ ಹಾಕಿ.